ಆಟದ ಪ್ರಯೋಜನ

ಶಾಸ್ತ್ರಗ್ರಂಥಗಳನ್ನು ರಚಿಸಿದ ಪ್ರಾಚೀನರು ಗ್ರಂಥದ ಬಾಗಿಲಿನಲ್ಲಿಯೇ ನಾಲ್ಕು ಸಂಗತಿಗಳನ್ನು ತಿಳಿಸಿಬಿಡುವ ಪದ್ಧತಿಯನ್ನಿಟ್ಟುಕೊಂಡಿದ್ದರು. ಇದನ್ನು ಓದತಕ್ಕ ಅಧಿಕಾರಿ ಯಾರು, ಇದರ ವಿಷಯವೇನು, ಓದಿದ್ದರಿಂದ ಆಗುವ ಪ್ರಯೋಜನವೇನು, ಇವಕ್ಕೆ ಒಂದಕ್ಕೊಂದು ಇರುವ ಸಂಬಂಧವೇನು ಎಂಬ ನಾಲ್ಕಕ್ಕೂ ಉತ್ತರ ದೊರೆತ ಮೇಲೆಯೇ ವಿದ್ಯಾರ್ಥಿಯು ಒಳಗೆ ಕಾಲಿಡಬೇಕು. ತರ್ಕವನ್ನೋ ವ್ಯಾಕರಣವನ್ನೋ ಕಲಿಯ ಬಂದವನಿಗೆ ವಿಧಿಸಿದ ಈ ಪ್ರಶ್ನೆಗಳನ್ನು ಚೆಂಡಾಟವಾಡುವ ಹುಡುಗನಿಗೆ ಮಾತ್ರ ಯಾರೂ ವಿಧಿಸಲಿಲ್ಲ. ಆಟವೆಂಬುದು ಪ್ರಯೋಜನವನ್ನೆಣಿಸದೆ ನಡೆಯುವ ವ್ಯಾಪಾರವೆಂದೇ ಎಲ್ಲರ ಭಾವನೆ. ಪೂರ್ಣಕಾಮನಾದ ಪರಮಾತ್ಮನು ಜಗತ್ತನ್ನು ಏಕೆ ಸೃಜಿಸಿದನೆಂಬ ತೊಡಕಿಗೆ ವೇದಾಂತಿಗಳು ಲೀಲೆಯೆಂಬ ಶಬ್ದವನ್ನು ಹಿಡಿದದ್ದೂ ಇದೇ ಕಾರಣದಿಂದ.

ಆದರೆ ಈ ಕಾಲದ ಹೈಸ್ಕೂಲಿನ ಟೆನ್ನಿಸ್ ಆಟಗಾರನನ್ನು ನೋಡಿದರೆ ಲೀಲೆಯ ಮಾತು ನಾಲಗೆಯ ಮೇಲೆ ನಿಲ್ಲುವುದಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಅಭ್ಯಾಸ, ಶಾಲೆ ಬಿಟ್ಟ ಮೇಲೆ ಮತ್ತೆ ಅಭ್ಯಾಸ, ರಜೆ ಬಂದರೆ ಊರಿಂದೂರಿಗೆ ಪಂದ್ಯ. ಇಷ್ಟು ನಿಷ್ಠೆಯಿಂದ ವೇದಾಧ್ಯಯನ ನಡೆಸಿದವರೂ ವಿರಳ. ಮನೆಯಲ್ಲಿ ಎರಡು ಪಕ್ಷ. ಆಟವು ಓದಿಗೆ ಹಿಡಿದ ಗೆದ್ದಲೆಂದು ಒಂದು ಪಕ್ಷ. ಆಟದಿಂದಲೇ ಹೆಸರೂ ಹಣವೂ ಬರುವಾಗ ಓದಿನ ಹೊರೆ ಏತಕ್ಕೆಂದು ಇನ್ನೊಂದು. ಪರಸ್ಪರ ವಿರುದ್ಧವಾಗಿ ತೋರುವ ಈ ಪಕ್ಷಗಳಿಗೆ ಒಂದು ವಿಷಯದಲ್ಲಿ ಮಾತ್ರ ಐಕಮತ್ಯವುಂಟು: ಹುಡುಗನನ್ನು ಇಬ್ಬರೂ ಕೇಳಿಲ್ಲ. ಅವನು ಯಾವುದರ ಸಲುವಾಗಿ ಆಡುತ್ತಾನೆ, ಆ ಆಸೆಯನ್ನು ಅವನಲ್ಲಿ ನೆಟ್ಟವರು ಯಾರು, ಆಟವನ್ನು ಬಿಟ್ಟರೆ ಅವನಿಗೆ ಪ್ರಿಯವಾದದ್ದು ಬೇರೇನಾದರೂ ಇದೆಯೆ ಎಂಬಿವು ಒಂದೇ ಪ್ರಶ್ನೆಯ ಮೂರು ಮುಖಗಳು. ಇವನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ, ಚರಿತ್ರೆಯು ಚೆನ್ನಾಗಿ ತಿಳಿದಿರುವ ಒಬ್ಬ ವಿದ್ಯಾರ್ಥಿಯನ್ನು ಮುಂದಿಟ್ಟುಕೊಂಡು ನೋಡುವುದು ಮೇಲು. ಅಮೆರಿಕದ ಆರ್ಥರ್ ಆ್ಯಶ್ ಅಂಥ ವಿದ್ಯಾರ್ಥಿ. ಮುಂದೆ ಅವನು ವಿಂಬಲ್ಡನ್ ಗೆದ್ದನೆಂಬುದು ಲೋಕಕ್ಕೆ ಗೊತ್ತು. ಇಲ್ಲಿ ಬೇಕಾದದ್ದು ಹೆಚ್ಚಾಗಿ ಅವನ ಹೈಸ್ಕೂಲಿನ ದಿನಗಳು.

ಆ್ಯಶ್ ಹುಟ್ಟಿದ್ದು 1943ರ ಜುಲೈ 10ರಂದು, ವರ್ಜೀನಿಯಾ ಸಂಸ್ಥಾನದ ರಿಚ್ಮಂಡ್ ನಗರದಲ್ಲಿ. ಕಪ್ಪು ಜನಾಂಗದವರಿಗೂ ಬಿಳಿಯರಿಗೂ ಶಾಲೆ, ಉದ್ಯಾನ, ಬಸ್ಸಿನ ಆಸನ ಎಲ್ಲವೂ ಕಾನೂನಿನಿಂದಲೇ ಬೇರೆ ಬೇರೆಯಾಗಿದ್ದ ಕಾಲ ಅದು. ತಂದೆಯು ಕಪ್ಪು ಜನರಿಗೆ ಮೀಸಲಾಗಿದ್ದ ಬ್ರೂಕ್‌ಫೀಲ್ಡ್ ಎಂಬ ಕ್ರೀಡೋದ್ಯಾನವನ್ನು ನೋಡಿಕೊಳ್ಳುವವನು. ಕುಟುಂಬದ ವಾಸವೂ ಉದ್ಯಾನದೊಳಗಿನ ಮನೆಯಲ್ಲಿಯೇ; ಹೊಸ್ತಿಲು ದಾಟಿದರೆ ಟೆನ್ನಿಸ್ ಅಂಗಣ. ಮಗುವಿಗೆ ಅಕ್ಷರ ಕಲಿಸಿದವಳು ತಾಯಿ. ಆಕೆ 1950ರಲ್ಲಿ, ಮಗನಿಗೆ ಆರು ವರ್ಷವಾಗಿದ್ದಾಗ, ತೀರಿಹೋದಳು. ಆ ತೆಳ್ಳನೆಯ ಹುಡುಗನಿಗೆ ಉಳಿದ ಆಶ್ರಯಗಳು ಎರಡು: ತಾಯಿ ಕಲಿಸಿಹೋದ ಓದು, ಬಾಗಿಲೆದುರಿನ ಅಂಗಣ. ಇವುಗಳಲ್ಲಿ ಯಾವುದು ಮುಖ್ಯ, ಯಾವುದು ಗೌಣ ಎಂದು ವಿಂಗಡಿಸುವುದು ದೊಡ್ಡವರ ಬುದ್ಧಿಯೇ ಹೊರತು ಮಗುವಿನದಲ್ಲ. ಅಂಗಣಕ್ಕೆ ಅಭ್ಯಾಸಕ್ಕೆಂದು ಬರುತ್ತಿದ್ದ ರಾನ್ ಚ್ಯಾರಿಟಿ ಎಂಬ ಕಾಲೇಜು ವಿದ್ಯಾರ್ಥಿಯನ್ನು ಅವನು ಬಿಡುಗಣ್ಣಿನಿಂದ ನೋಡುತ್ತ ಕುಳಿತಿರುತ್ತಿದ್ದ. ಕಲಿಯುತ್ತೀಯಾ ಎಂದು ಅವನು ಕೇಳಿದ. ಇವನು ಹೂಂ ಎಂದ. ಆರಂಭವು ಹೀಗೆ ನಿಜವಾಗಿಯೂ ಲೀಲೆಯೇ ಆಗಿತ್ತು.

ತಂದೆಯು ಹೆಚ್ಚು ಓದಿದವನಲ್ಲ. ಶಿಸ್ತಿನಲ್ಲಿ ಮಾತ್ರ ಬಲು ಬಿಗಿ. ಶಾಲೆಯಿಂದ ಮನೆಗೆ ಮಗನೊಡನೆ ನಡೆದು ನೋಡಿ, ದಾರಿಗೆ 12 ನಿಮಿಷ ಹಿಡಿಯುವುದೆಂದು ಲೆಕ್ಕಹಾಕಿದ. ಅಂದಿನಿಂದ ಶಾಲೆ ಬಿಟ್ಟ 12 ನಿಮಿಷಕ್ಕೆ ಹುಡುಗನು ಮನೆಯಲ್ಲಿರಬೇಕೆಂಬುದು ಕಟ್ಟಳೆಯಾಯಿತು. ಅಲ್ಲಿ ನಿಲ್ಲುವುದು, ಇಲ್ಲಿ ಹರಟುವುದು ಯಾವುದೂ ಇಲ್ಲ. ಇದನ್ನು ಕೇಳಿ ಕಠೋರವೆನ್ನುವವರು ಆ ಕಾಲದ ದಕ್ಷಿಣ ಅಮೆರಿಕ ಸಂಸ್ಥಾನಗಳ ಬೀದಿಗಳನ್ನು ನೆನೆದುಕೊಳ್ಳಬೇಕು. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಬಾಲಕನನ್ನು ಬಿಳಿಯರು ಕೊಂದುಹಾಕಿದಾಗ ಆ್ಯಶನಿಗೆ 12 ವರ್ಷ. ಮಗನು ಎಲ್ಲಿದ್ದಾನೆಂಬುದು ಅಂಥ ನಾಡಿನಲ್ಲಿ ತಂದೆಗೆ ಬರಿಯ ಶಿಸ್ತಿನ ಪ್ರಶ್ನೆಯಾಗಿರಲಿಲ್ಲ.

ಹುಡುಗನ ಹತ್ತನೆಯ ವಯಸ್ಸಿನಲ್ಲಿ, 1953ರ ಬೇಸಗೆಯಲ್ಲಿ, ಚ್ಯಾರಿಟಿಯು ಅವನನ್ನು ಲಿಂಚ್‌ಬರ್ಗ್ ಎಂಬ ಊರಿನ ಡಾಕ್ಟರ್ ರಾಬರ್ಟ್ ವಾಲ್ಟರ್ ಜಾನ್ಸನ್ ಎಂಬ ವೈದ್ಯನ ಬಳಿಗೆ ಕಳುಹಿಸಿದ. ಈ ವೈದ್ಯನ ಕಥೆಯೇ ಒಂದು ಪ್ರಬಂಧಕ್ಕೆ ಸಾಕು. ತನ್ನ ಮನೆಯ ಪಕ್ಕದಲ್ಲಿ ಅಂಗಣ ಮಾಡಿಸಿ, ಬೇಸಗೆಯಲ್ಲಿ ಕಪ್ಪು ಜನಾಂಗದ ಮಕ್ಕಳನ್ನು ಮನೆಯಲ್ಲಿಯೇ ಇರಿಸಿಕೊಂಡು, ಊಟವಿಕ್ಕಿ ಟೆನ್ನಿಸ್ ಹೇಳಿಸುತ್ತಿದ್ದ. 1957ರಲ್ಲಿ ವಿಂಬಲ್ಡನ್ನಿನಲ್ಲಿ ಗೆದ್ದ ಆಲ್ತಿಯಾ ಗಿಬ್ಸನ್ ಸಹ ಅವನ ಕೈಯಲ್ಲಿ ಪಳಗಿದವಳೇ. ಮಕ್ಕಳು ಆಟದೊಂದಿಗೆ ಮನೆಗೆಲಸವನ್ನೂ ಮಾಡಬೇಕು; ಗುಲಾಬಿ ತೋಟದ ಕಳೆ ಕೀಳಬೇಕು, ನಾಯಿಗೂಡು ತೊಳೆಯಬೇಕು. ಗುರುಕುಲದ ಸಮಿತ್ತು, ಗೋವು, ನೀರು ಇವನ್ನು ಬಲ್ಲ ವಾಚಕರಿಗೆ ಇದು ಹೊಸದೆಂದು ತೋರದು.

ಬಂದ ಹೊಸದರಲ್ಲಿ ಹುಡುಗನು ಒಂದು ತಕರಾರು ತೆಗೆದ. ಹೀಗೆ ಹೊಡೆ ಎಂದು ಇಲ್ಲಿಯವರು ಹೇಳಿದರೆ, ಚ್ಯಾರಿಟಿಯವರು ನನಗೆ ಹಾಗೆ ಹೇಳಿಕೊಡಲಿಲ್ಲವಲ್ಲ ಎಂದ. ಗುರುಭಕ್ತಿಯೇ ಸರಿ, ಆದರೆ ಹಳೆಯ ಗುರುವಿನ ಮೇಲಿನದು. ತಂದೆಗೆ ಸುದ್ದಿ ಹೋಯಿತು. ತಂದೆಯು ಬಂದು, ಡಾಕ್ಟರು ಹೇಳಿದಂತೆ ನಡೆಯುವುದಾದರೆ ಇರು, ಇಲ್ಲವಾದರೆ ಹೊರಡು ಎಂದಿಷ್ಟೇ ಹೇಳಿದ. ಹುಡುಗನು ಉಳಿದ. ಅಲ್ಲಿಂದ ಮುಂದೆ ಪ್ರತಿ ಬೇಸಗೆಯೂ ಲಿಂಚ್‌ಬರ್ಗಿನಲ್ಲಿಯೇ ಕಳೆಯಿತು.

ಡಾಕ್ಟರ್ ಜಾನ್ಸನ್ನನ ಕಟ್ಟಳೆಗಳಲ್ಲಿ ನೀತಿಶಾಸ್ತ್ರದ ದೃಷ್ಟಿಯಿಂದ ಬಹಳ ವಿಚಾರಾರ್ಹವಾದದ್ದೊಂದಿದೆ. ಎದುರಾಳಿಯು ಹೊಡೆದ ಚೆಂಡು ಗೆರೆಯಿಂದ ಎರಡಂಗುಲದಷ್ಟು ಆಚೆ ಬಿದ್ದಿದ್ದರೂ, ಒಳಗೆ ಬಿತ್ತೆಂದೇ ಎಣಿಸಿ ಆಡಬೇಕು. ತೀರ್ಪಿನ ವಿಷಯದಲ್ಲಿ ಎದುರು ಮಾತಾಡಕೂಡದು. ರಾಕೆಟ್ಟನ್ನು ಎಸೆಯಕೂಡದು. ಪಕ್ಕ ಬದಲಾಯಿಸುವಾಗ ತನ್ನ ಕಡೆ ಬಿದ್ದಿರುವ ಚೆಂಡುಗಳನ್ನು ಆಯ್ದು ಎದುರಾಳಿಯ ಕೈಗೆ ಕೊಡಬೇಕು. ಕಾರಣವನ್ನು ಅವನು ಮುಚ್ಚಿಡಲಿಲ್ಲ. ಬಿಳಿಯರು ನಡೆಸುವ ಪಂದ್ಯಾವಳಿಗಳಿಗೆ ಈ ಮಕ್ಕಳು ಕಷ್ಟದಿಂದ ಪ್ರವೇಶ ಪಡೆಯುವವರು. ಅವರನ್ನು ಹೊರಗಟ್ಟಲು ಯಾರಿಗೂ ಒಂದು ಎಳೆಯಷ್ಟು ನೆಪವೂ ದೊರೆಯಬಾರದು.

ಹಾಗಾದರೆ ಇದು ಸದಾಚಾರವೋ ಭಯವೋ? ಹುಡುಗನು ಎರಡಂಗುಲವನ್ನು ಬಿಟ್ಟುಕೊಟ್ಟದ್ದು ಔದಾರ್ಯದಿಂದಲ್ಲ, ಅಪ್ಪಣೆಯಿಂದ; ಅಪ್ಪಣೆಯು ಹುಟ್ಟಿದ್ದು ಧರ್ಮಜಿಜ್ಞಾಸೆಯಿಂದಲ್ಲ, ಲೋಕದ ಅನ್ಯಾಯದಿಂದ. ಫಲದ ಮೇಲೆ ಕಣ್ಣಿಟ್ಟು ಮಾಡಿದ ಸತ್ಕರ್ಮವನ್ನು ಸತ್ಕರ್ಮವೆನ್ನಬಹುದೆ ಎಂಬ ಹಳೆಯ ವಿವಾದ ಇಲ್ಲಿ ಮತ್ತೆ ತಲೆಯೆತ್ತುತ್ತದೆ. ಬಿಳಿಯ ಹುಡುಗನಿಗೆ ಆ ಎರಡಂಗುಲವನ್ನು ಬಿಡಬೇಕೆಂಬ ವಿಧಿಯಿರಲಿಲ್ಲವೆಂಬುದನ್ನೂ ಮರೆಯಲಾಗದು. ಒಬ್ಬನಿಗೆ ಮಾತ್ರ ವಿಧಿಸಿದ ಧರ್ಮದಲ್ಲಿ ಅಧರ್ಮದ ವಾಸನೆ ಇದ್ದೇ ಇರುತ್ತದೆ. ಆದರೂ ಮೀಮಾಂಸಕರು ಬಲ್ಲ ಒಂದು ಸಂಗತಿಯಿದೆ. ವಿಧಿಯೆಂದು ಮಾಡಿದ ಕರ್ಮವು ಮಾಡುವವನಲ್ಲಿ ಒಂದು ಸಂಸ್ಕಾರವನ್ನು ಬಿಟ್ಟುಹೋಗುತ್ತದೆ. ಆ ಸಂಸ್ಕಾರಕ್ಕೆ ಮೂಲದ ಕಾರಣವು ಜ್ಞಾಪಕದಲ್ಲಿರುವುದಿಲ್ಲ. ಏಳು ಬೇಸಗೆ ಕಾಲ ಎರಡಂಗುಲ ಬಿಟ್ಟುಕೊಟ್ಟವನಿಗೆ, ಹೊರಗಟ್ಟುವ ಭಯವು ತೊಲಗಿದ ಮೇಲೂ ಬಿಟ್ಟುಕೊಡುವ ಕೈ ಉಳಿಯಿತು. ಆ್ಯಶನ ಆಟವನ್ನು ನೋಡಿದವರೆಲ್ಲ ಹೇಳುವ ಆ ತಣ್ಣನೆಯ ಮುಖವು ಹುಟ್ಟಿನಿಂದ ಬಂದದ್ದಲ್ಲ, ಹೀಗೆ ಬಂದದ್ದು. ಅದು ಅವನಿಗೆ ಬಲವೂ ಆಯಿತು, ಮುಂದೆ ಒಂದು ನೋವಿಗೂ ಕಾರಣವಾಯಿತು.

ರಿಚ್ಮಂಡಿನ ಮ್ಯಾಗಿ ವಾಕರ್ ಹೈಸ್ಕೂಲಿನಲ್ಲಿ ಅವನು ಓದಿನಲ್ಲಿ ಮುಂದು; ಬೇಸ್‌ಬಾಲ್ ಆಡುತ್ತಿದ್ದ, ಶಾಲೆಯ ವಾದ್ಯಗೋಷ್ಠಿಯಲ್ಲಿ ಟ್ರಂಪೆಟ್ ಊದುತ್ತಿದ್ದ. ಆದರೆ ನಗರದಲ್ಲಿ ಬಿಳಿಯ ಹುಡುಗರೊಡನೆ ಪಂದ್ಯವಾಡುವಂತಿಲ್ಲ. ಬರ್ಡ್ ಪಾರ್ಕಿನ ಒಳ್ಳೆಯ ಅಂಗಣಗಳಿಂದ ಅವನನ್ನು ಹಿಂದಕ್ಕೆ ಕಳುಹಿಸಿದ್ದರು. ಚಳಿಗಾಲದಲ್ಲಿ ಸೂರಿನಡಿಯ ಅಂಗಣಗಳಿಗೂ ಪ್ರವೇಶವಿಲ್ಲ. ವರ್ಷದಲ್ಲಿ ಅರ್ಧ ಕಾಲ ಆಟವೇ ನಿಂತುಹೋದರೆ ಮುಂದುವರಿಯುವುದು ಹೇಗೆ? ಡಾಕ್ಟರನು ಒಂದು ಏರ್ಪಾಡು ಮಾಡಿದ. 1960ರಲ್ಲಿ, ಹೈಸ್ಕೂಲಿನ ಕಡೆಯ ವರ್ಷಕ್ಕೆ, ಹುಡುಗನು ಊರು ಬಿಟ್ಟು ಸೇಂಟ್ ಲೂಯಿಸ್ ನಗರಕ್ಕೆ ಹೋಗಿ, ರಿಚರ್ಡ್ ಹಡ್ಲಿನ್ ಎಂಬ ಉಪಾಧ್ಯಾಯನ ಮನೆಯಲ್ಲಿದ್ದುಕೊಂಡು ಸಮ್ನರ್ ಹೈಸ್ಕೂಲಿಗೆ ಸೇರಿದ. ಅಲ್ಲಿ ಮರದ ನೆಲದ ಮೇಲೆ, ಸೂರಿನಡಿಯಲ್ಲಿ ಆಟ. ಮರದ ನೆಲದಲ್ಲಿ ಚೆಂಡು ಜಾರಿಕೊಂಡು ವೇಗವಾಗಿ ಬರುತ್ತದೆ. ನಿಧಾನವಾಗಿ ತೋಳು ಹಿಂದೆಳೆದು ಹೊಡೆಯುವುದಕ್ಕೆ ಸಮಯವಿಲ್ಲ. ಹಿಂದಿನ ಗೆರೆಯ ಬಳಿ ತಾಳ್ಮೆಯಿಂದ ಕಾಯುತ್ತಿದ್ದ ಆಟವು ಬದಲಾಗಿ, ಮೊದಲ ಎಸೆತಕ್ಕೇ ಬಲೆಯ ಬಳಿಗೆ ಧಾವಿಸುವ ಆಟವಾಯಿತು. ಅದೇ ವರ್ಷ ಅವನು ಕಿರಿಯರ ರಾಷ್ಟ್ರೀಯ ಒಳಾಂಗಣ ಪಂದ್ಯಾವಳಿಯನ್ನು ಗೆದ್ದ. 1961ರಲ್ಲಿ ರಾಷ್ಟ್ರದ ಹೈಸ್ಕೂಲುಗಳ ಪಂದ್ಯಾವಳಿಯನ್ನೂ ಗೆದ್ದ. ತನ್ನ ಹುಡುಗನೊಬ್ಬನು ಈ ಕಡೆಯ ಪಂದ್ಯಾವಳಿಯನ್ನು ಗೆಲ್ಲಬೇಕೆಂಬುದೇ ಡಾಕ್ಟರ್ ಜಾನ್ಸನ್ನನ ಬಹುಕಾಲದ ಹಂಬಲವಾಗಿತ್ತು.

ಇಲ್ಲಿಗೆ ನಿಂತು ಮೊದಲಿನ ಪ್ರಶ್ನೆಯನ್ನು ಕೇಳಬಹುದು. 17 ವರ್ಷದ ಈ ಹುಡುಗನು ಯಾರಿಗಾಗಿ ಆಡುತ್ತಿದ್ದ? ತಂದೆಗೆ ಮಗನು ಬೀದಿಪಾಲಾಗದಿದ್ದರೆ ಸಾಕು. ಡಾಕ್ಟರನಿಗೆ ಮುಚ್ಚಿದ ಬಾಗಿಲೊಂದು ತೆರೆಯಬೇಕು. ಅವನ ಜನಕ್ಕೆ ತಮ್ಮವನೊಬ್ಬನು ಬಿಳಿಯರ ಆಟದಲ್ಲಿ ಗೆಲ್ಲಬೇಕು. ಹುಡುಗನ ತಲೆಯ ಮೇಲೆ ಇಷ್ಟೊಂದು ಜನರ ಆಸೆಯ ಮೂಟೆಗಳು. ಹಣದ ಮಾತಂತೂ ಇರಲಿಲ್ಲ. ದೊಡ್ಡ ಪಂದ್ಯಗಳು ವೃತ್ತಿಯಾಟಗಾರರಿಗೆ ತೆರೆದದ್ದು 1968ರಲ್ಲಿ, ಅದಕ್ಕೆ ಮುಂಚೆ ಟೆನ್ನಿಸ್ಸಿನಿಂದ ನೇರವಾಗಿ ಜೀವನ ನಡೆಸಿದವರು ಬೆರಳೆಣಿಕೆಯ ಜನ. ಆದುದರಿಂದ ಹುಡುಗನು ಬೇರೊಂದು ಜೀವನೋಪಾಯವನ್ನು ಯೋಚಿಸಲೇಬೇಕಾಗಿತ್ತು. ಲಾಸ್ ಏಂಜಲಿಸ್ಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು ಟೆನ್ನಿಸ್ಸಿಗಾಗಿ ವಿದ್ಯಾರ್ಥಿವೇತನ ಕೊಟ್ಟಿತು; ಅಲ್ಲಿ ವ್ಯಾಪಾರಾಡಳಿತವನ್ನು ಓದಿ 1966ರಲ್ಲಿ ಪದವಿ ಪಡೆದ. ಅವನ ವಿದ್ಯಾಸಕ್ತಿಯನ್ನು ಹೊಗಳುವವರು ಕಾಲದ ಈ ಒತ್ತಾಯವನ್ನು ಮರೆತರೆ ಚರಿತ್ರೆಗೆ ಅಪಚಾರವಾಗುತ್ತದೆ. 1968ರಲ್ಲಿ ಅವನು ಅಮೆರಿಕದ ಪ್ರಥಮ ಮುಕ್ತ ಪಂದ್ಯಾವಳಿಯನ್ನು ಗೆದ್ದಾಗಲೂ ಸೈನ್ಯದಲ್ಲಿ ಲೆಫ್ಟಿನೆಂಟಾಗಿದ್ದ ಹವ್ಯಾಸಿ ಆಟಗಾರ. 14,000 ಡಾಲರಿನ ಬಹುಮಾನವು ಸೋತವನಾದ ಹಾಲೆಂಡಿನ ಟಾಮ್ ಆಕರನಿಗೆ ಹೋಯಿತು. ಗೆದ್ದವನಿಗೆ ದಕ್ಕಿದ್ದು ದಿನಭತ್ಯೆ.

ಈಗ ಇದಕ್ಕೆ ಎದುರಾಗಿ ಇನ್ನೊಬ್ಬ ಹುಡುಗನನ್ನು ನಿಲ್ಲಿಸಬೇಕು. ಆಂಡ್ರೆ ಅಗಾಸಿ 1970ರಲ್ಲಿ ಲಾಸ್ ವೇಗಸ್ಸಿನಲ್ಲಿ ಹುಟ್ಟಿದವನು. ತಂದೆಯು ಇರಾನಿನಿಂದ ವಲಸೆ ಬಂದವನು; ಒಲಿಂಪಿಕ್ ಕೂಟಗಳಲ್ಲಿ ಇರಾನಿನ ಪರವಾಗಿ ಮುಷ್ಟಿಯುದ್ಧ ಮಾಡಿದ್ದವನು. ಮಗನು ಜಗತ್ತಿನ ಪ್ರಥಮ ಆಟಗಾರನಾಗಬೇಕೆಂದು ಅವನು ಮಗನು ಮಾತು ಕಲಿಯುವ ಮುಂಚೆಯೇ ಗೊತ್ತುಮಾಡಿದ್ದ. ಮನೆಯ ಹಿತ್ತಲಿನಲ್ಲಿ ಅಂಗಣ, ಅದರಾಚೆ ಚೆಂಡುಗಳನ್ನು ರಭಸದಿಂದ ಎಸೆಯುವ ಒಂದು ಯಂತ್ರ. ಮಗುವು ಅದನ್ನು ಬೆಂಕಿಯುಗುಳುವ ರಾಕ್ಷಸ ಪ್ರಾಣಿಯೆಂದು ಎಣಿಸಿತ್ತು. ದಿನಕ್ಕೆ 2,500 ಚೆಂಡು ಹೊಡೆದರೆ ವರ್ಷಕ್ಕೆ ಸುಮಾರು ಹತ್ತು ಲಕ್ಷವಾಗುತ್ತದೆ, ವರ್ಷಕ್ಕೆ ಹತ್ತು ಲಕ್ಷ ಚೆಂಡು ಹೊಡೆದ ಮಗುವನ್ನು ಸೋಲಿಸುವವರಿಲ್ಲ ಎಂಬುದು ತಂದೆಯ ಗಣಿತ. ಗಣಿತವು ತಪ್ಪಲಿಲ್ಲ. 13ನೆಯ ವಯಸ್ಸಿಗೆ ಫ್ಲಾರಿಡಾದ ಟೆನ್ನಿಸ್ ಶಾಲೆಗೆ ಕಳುಹಿಸಿದರು; ಒಂಬತ್ತನೆಯ ತರಗತಿಗೆ ಓದು ನಿಂತಿತು; 16ನೆಯ ವಯಸ್ಸಿಗೆ ಹುಡುಗನು ವೃತ್ತಿಯಾಟಗಾರನಾದ. 1992ರಲ್ಲಿ ವಿಂಬಲ್ಡನ್ ಗೆದ್ದ. 1995ರಲ್ಲಿ ಜಗತ್ತಿಗೆ ಮೊದಲಿಗನಾದ. ಮತ್ತು 2009ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ತಾನು ಟೆನ್ನಿಸ್ಸನ್ನು ಮೊದಲಿನಿಂದಲೂ ದ್ವೇಷಿಸುತ್ತಿದ್ದೆನೆಂದು ಹೇಳಿದ.

ಈ ಎರಡು ಚರಿತ್ರೆಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಸುಲಭವಾಗಿ ಹೊಳೆಯುವ ಉತ್ತರವೊಂದಿದೆ: ಒಬ್ಬನ ಗುರಿ ಸ್ವಂತದ್ದು, ಇನ್ನೊಬ್ಬನದು ಹೇರಿದ್ದು ಎಂದು. ಈ ಉತ್ತರವು ತಪ್ಪು. ಆ್ಯಶನ ಮೇಲೂ ಹೇರಿದರು. ಬಹುಶಃ ಹೆಚ್ಚು ಜನ ಹೇರಿದರು. ಹತ್ತು ವರ್ಷದವನಿಗೆ ಇರು ಇಲ್ಲವೆ ಹೊರಡು ಎಂದ ತಂದೆಯು ಮೃದುವೆಂದು ಹೇಳಲಾಗದು. ಯಾವ ಮಗುವಿನ ಗುರಿಯೂ ಮೊದಲು ಅದರದ್ದಾಗಿರುವುದಿಲ್ಲ. ಮಾತೃಭಾಷೆಯನ್ನು ಯಾರೂ ಆರಿಸಿಕೊಂಡು ಕಲಿಯಲಿಲ್ಲ. ಹಾಗೆಂದು ಅದು ಪರರದ್ದೆಂದು ಯಾರೂ ದೂರುವುದಿಲ್ಲ. ಬೀಜವನ್ನು ಬಿತ್ತಿದವರು ಯಾರೆಂಬುದು ಇಲ್ಲಿ ಪ್ರಶ್ನೆಯಲ್ಲ. ಭೇದವಿರುವುದು ಬೇರೆ ಕಡೆ. ಆ್ಯಶನ ಹಿರಿಯರು ಟೆನ್ನಿಸ್ಸನ್ನು ಹುಡುಗನಿಗೆ ಒಂದು ಬಾಗಿಲಾಗಿ ತೋರಿಸಿದರು; ಅದರಾಚೆ ಏನೋ ಇದೆಯೆಂಬುದು ಅವನಿಗೆ ಸದಾ ತಿಳಿದಿತ್ತು. ಅಗಾಸಿಯ ತಂದೆಯು ಅದನ್ನೇ ಮನೆಯಾಗಿ ಕಟ್ಟಿ ಉಳಿದ ಕಿಟಕಿಗಳನ್ನೆಲ್ಲ ಮುಚ್ಚಿದ.

ಇದರಿಂದ ತಿಳಿಯುವುದೇನೆಂದರೆ, ವಿದ್ಯಾರ್ಥಿಗೆ ಆಟದ ಹೊರಗೆ ಇರತಕ್ಕ ಆಸಕ್ತಿಗಳು ಆಟಕ್ಕೆ ತೊಡಿಸಿದ ಆಭರಣವಲ್ಲ. ಆಟ ಕೆಟ್ಟರೆ ಇರಲಿ ಎಂದು ಗಂಟು ಕಟ್ಟಿದ ಬುತ್ತಿಯೂ ಅಲ್ಲ, ಅಥವಾ ಅದಷ್ಟೇ ಅಲ್ಲ. ಅವನು ಕಾಲೂರಿ ನಿಲ್ಲುವುದಕ್ಕೆ ಅವು ಬೇರೊಂದು ನೆಲ. ಬೇಡವೆನ್ನುವ ಶಕ್ತಿಯಿಲ್ಲದವನು ಬೇಕೆಂದದ್ದಕ್ಕೆ ಅರ್ಥವಿಲ್ಲ. ಬೇಡವೆನ್ನಬೇಕಾದರೆ ಹೋಗಿ ನಿಲ್ಲಲು ಇನ್ನೊಂದು ತಾಣವಿರಬೇಕು. ಪುಸ್ತಕವನ್ನು ಓದಬಲ್ಲ, ವಾದ್ಯವನ್ನು ಬಾರಿಸಬಲ್ಲ, ಲೆಕ್ಕಪತ್ರ ನೋಡಬಲ್ಲ ಹುಡುಗನು ಅಂಗಣಕ್ಕೆ ಇಳಿದಾಗ ಅವನು ಇಳಿದುಬಂದವನು. ಬೇರೇನನ್ನೂ ಅರಿಯದವನು ಅಲ್ಲಿ ಇರಿಸಲ್ಪಟ್ಟವನು. ಇಬ್ಬರೂ ಗೆಲ್ಲಬಹುದು. ಗೆಲವಿನಿಂದ ಇವರಿಬ್ಬರನ್ನು ಬೇರ್ಪಡಿಸಲಾಗದೆಂಬುದೇ ತಾಯಿತಂದೆಗಳನ್ನು ಮೋಸಗೊಳಿಸುವ ಸಂಗತಿ. ಏಕೆಂದರೆ ಎಂಟು ಮಹಾಪಂದ್ಯಗಳನ್ನು ಗೆದ್ದವನು ಅಗಾಸಿ, ಆ್ಯಶ್ ಗೆದ್ದದ್ದು ಮೂರು.

ಅಗಾಸಿಯ ಚರಿತ್ರೆಯ ಉತ್ತರಾರ್ಧವೂ ಈ ಮಾತಿಗೆ ಸಾಕ್ಷಿ. 1997ರಲ್ಲಿ ಅವನ ಸ್ಥಾನವು 141ಕ್ಕೆ ಕುಸಿದಿತ್ತು. ಅಲ್ಲಿಂದ ಎದ್ದು 1999ರಲ್ಲಿ ಫ್ರೆಂಚ್ ಪಂದ್ಯಾವಳಿಯನ್ನು ಗೆದ್ದ. 36 ವರ್ಷದವರೆಗೂ ಆಡಿದ. ಈ ನಡುವೆ 2001ರಲ್ಲಿ ತನ್ನ ಊರಿನ ಬಡ ಬೀದಿಯಲ್ಲಿ ಒಂದು ಶಾಲೆಯನ್ನು ತೆರೆದಿದ್ದ. ಒಂಬತ್ತನೆಯ ತರಗತಿಗೆ ಓದು ಬಿಟ್ಟವನು ಮಕ್ಕಳನ್ನು ಕಾಲೇಜಿಗೆ ಕಳುಹಿಸುವ ಶಾಲೆಯನ್ನು ಕಟ್ಟಿದ. ಆ ಮೇಲೆ ಆಟಕ್ಕೆ ಒಂದು ಪ್ರಯೋಜನ ಕಂಡಿತೆಂಬುದನ್ನು ಅವನೇ ಒಪ್ಪಿಕೊಂಡಿದ್ದಾನೆ. ಪ್ರಯೋಜನವು ಗ್ರಂಥದ ಕಡೆಯ ಪುಟದಲ್ಲಿ ದೊರೆತಂತಾಯಿತು. ದೊರೆಯದೇ ಹೋಗುವುದಕ್ಕಿಂತ ಮೇಲು.

ಆ್ಯಶನ ನೋವಿನ ಮಾತು ಹೇಳದೆ ಬಿಟ್ಟರೆ ಈ ಚಿತ್ರವು ಸುಳ್ಳಾಗುತ್ತದೆ. 1963ರಲ್ಲಿ ಅಲಬಾಮದ ಬರ್ಮಿಂಗ್‌ಹ್ಯಾಮಿನಲ್ಲಿ ಹಕ್ಕು ಕೇಳಲು ಬೀದಿಗಿಳಿದ ಮಕ್ಕಳ ಮೇಲೆ ಪೋಲೀಸರು ನಾಯಿಗಳನ್ನು ಬಿಟ್ಟು, ನೀರಿನ ಕೊಳವೆಗಳನ್ನು ಹರಿಸಿದರು. ಆ ಮಕ್ಕಳಲ್ಲಿ ಎಷ್ಟೋ ಜನ ಹೈಸ್ಕೂಲಿನ ವಿದ್ಯಾರ್ಥಿಗಳು. ಅದೇ ವರ್ಷ ಆ್ಯಶನು ಕ್ಯಾಲಿಫೋರ್ನಿಯಾದಲ್ಲಿ ಓದುತ್ತ, ಡೇವಿಸ್ ಕಪ್ ತಂಡಕ್ಕೆ ಆರಿಸಲ್ಪಟ್ಟ ಮೊದಲ ಕಪ್ಪು ಆಟಗಾರನಾಗಿದ್ದ. ತಾನು ಅಲ್ಲಿ ಅವರ ನಡುವೆ ಇರಲಿಲ್ಲವಲ್ಲ ಎಂಬ ನಾಚಿಕೆಯು ತನ್ನನ್ನು ಸುಟ್ಟದ್ದುಂಟೆಂದು ಅವನು ಮುಂದೆ ಬರೆದ. ಅವನ ಜನರಲ್ಲಿಯೇ ಕೆಲವರು ಅವನನ್ನು ಪುಕ್ಕಲನೆಂದರು. ಎರಡಂಗುಲ ಬಿಟ್ಟುಕೊಡಬೇಕು, ಎದುರು ಮಾತಾಡಕೂಡದು ಎಂದು ಕಲಿತ ಹುಡುಗನಿಗೆ, ಬಿಟ್ಟುಕೊಡಬಾರದ ಕಾಲ ಬಂದಾಗ ಕೈ ತಡೆಯಿತು. ಡಾಕ್ಟರ್ ಜಾನ್ಸನ್ನನ ವಿಧಿಗೆ ಇದ್ದ ಬೆಲೆ ಇದು. ಶಿಸ್ತನ್ನು ಕಲಿಸುವವರು ಅದನ್ನು ಯಾವಾಗ ಮುರಿಯಬೇಕೆಂಬುದನ್ನು ಕಲಿಸುವುದಿಲ್ಲ. ಕಲಿಸಲು ಬರುವುದೂ ಇಲ್ಲವೇನೊ. ಅದನ್ನು ಆ್ಯಶನು ತಾನಾಗಿಯೇ, ತಡವಾಗಿ ಕಲಿತ. ವರ್ಣಭೇದದ ದಕ್ಷಿಣ ಆಫ್ರಿಕವು ಅವನಿಗೆ ಮೊದಲು ಪ್ರವೇಶವನ್ನೇ ನಿರಾಕರಿಸಿತು. 1973ರಲ್ಲಿ ಅಲ್ಲಿಗೆ ಹೋಗಿ ಆಡಿದ. 1985ರಲ್ಲಿ ವಾಷಿಂಗ್‌ಟನ್ನಿನ ಆ ದೇಶದ ರಾಯಭಾರ ಕಚೇರಿಯ ಮುಂದೆ ಪ್ರತಿಭಟಿಸಿ ಸೆರೆಯಾದ. ಆ ತಣ್ಣನೆಯ ಮುಖ ಆಗಲೂ ಹಾಗೆಯೇ ಇತ್ತು.

1975ರ ವಿಂಬಲ್ಡನ್ ಅಂತಿಮ ಪಂದ್ಯದ ವಿಷಯದಲ್ಲಿ ಒಂದೇ ಮಾತು. ಎದುರಾಳಿ ಜಿಮ್ಮಿ ಕಾನರ್ಸ್ ಒಂಬತ್ತು ವರ್ಷ ಕಿರಿಯವನು, ಬಲಶಾಲಿ. ಎಷ್ಟು ರಭಸದಿಂದ ಹೊಡೆದರೆ ಅಷ್ಟೇ ರಭಸದಿಂದ ಹಿಂದಿರುಗಿಸುವವನು. ಸ್ವಭಾವದಿಂದ ರಭಸದ ಆಟಗಾರನಾದ ಆ್ಯಶನು ಅಂದು ತನ್ನ ಸ್ವಭಾವವನ್ನು ಪಕ್ಕಕ್ಕಿಟ್ಟು, ಮೆಲ್ಲಗೆ, ತಗ್ಗಾಗಿ, ವೇಗವಿಲ್ಲದ ಚೆಂಡುಗಳನ್ನು ಕೊಟ್ಟು ಗೆದ್ದ. ಪಕ್ಕ ಬದಲಾಯಿಸುವಾಗ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ. ಆಟವೇ ತನ್ನ ಸರ್ವಸ್ವವೆಂದುಕೊಂಡವನಿಗೆ ಇಂಥ ದಿನ ತನ್ನ ಆಟವನ್ನು ಬಿಡುವ ಧೈರ್ಯ ಬರುವುದು ಕಷ್ಟ.

1977ರಲ್ಲಿ ಅವನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಕಪ್ಪು ಜನಾಂಗದ ತಾಯಿತಂದೆಗಳಿಗೆ ಒಂದು ಬಹಿರಂಗ ಪತ್ರ ಬರೆದ. ಮಕ್ಕಳನ್ನು ಆಟದ ಬಯಲಿಗೆ ಅಟ್ಟುವುದು ಸಾಕು, ಗ್ರಂಥಾಲಯಕ್ಕೆ ಕಳುಹಿಸಿರಿ. ಬಯಲಿನಲ್ಲಿ ಒಂದು ಗಂಟೆ ಕಳೆದರೆ ಗ್ರಂಥಾಲಯದಲ್ಲಿ ಎರಡು ಗಂಟೆ ಕಳೆಯಲಿ ಎಂದು ಅದರ ಸಾರಾಂಶ. ಅದರಲ್ಲಿಯ ಒಂದು ಸಲಹೆ ವಿಲಕ್ಷಣವಾದದ್ದು. ಶಾಲೆಗೆ ಹೆಸರಾಂತ ಆಟಗಾರನನ್ನು ಭಾಷಣಕ್ಕೆ ಕರೆಯುವ ಬದಲು, ತಂಡದಲ್ಲಿದ್ದೂ ಆಡಲು ಅವಕಾಶ ಸಿಗದವನನ್ನು, ಮೇಲೇರಲಾರದೆ ಹೋದವನನ್ನು ಕರೆಯಿರಿ. ರಾತ್ರಿ ನಿದ್ರೆ ಬರುತ್ತದೆಯೇ, ಪದವಿ ಪಡೆದಿದ್ದಾನೆಯೇ, ನಾಳೆ ಅಂಗಭಂಗವಾದರೆ ಏನು ಮಾಡುತ್ತಾನೆ, ಹೈಸ್ಕೂಲಿನಲ್ಲಿ ಜೊತೆಗೆ ಆಡಿದ ಗೆಳೆಯರು ಈಗ ಎಲ್ಲಿದ್ದಾರೆ ಎಂದು ಅವನನ್ನು ಕೇಳಿರಿ. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಯಾವ ಊರಿನ ಶಾಲೆಯೂ ಅವರನ್ನು ವಾರ್ಷಿಕೋತ್ಸವದ ಅಧ್ಯಕ್ಷತೆಗೆ ಕರೆದಂತಿಲ್ಲ.

ಆ್ಯಶನು ಈ ಮಾತನ್ನು ಬರಿಯ ಉಪದೇಶವಾಗಿ ಬಿಡಲಿಲ್ಲ. ಕಪ್ಪು ಕ್ರೀಡಾಪಟುಗಳ ಚರಿತ್ರೆಯನ್ನು ಪಾಠ ಹೇಳಲು ಹೊರಟಾಗ ಯೋಗ್ಯವಾದ ಗ್ರಂಥವೇ ಇಲ್ಲವೆಂದು ಕಂಡು, ತಾನೇ ವರ್ಷಾಂತರ ದುಡಿದು, ಸ್ವಂತ ಹಣವನ್ನೂ ಸುರಿದು, ಮೂರು ಸಂಪುಟಗಳ ಚರಿತ್ರೆಯನ್ನು 1988ರಲ್ಲಿ ಪ್ರಕಟಿಸಿದ. ಮರುವರ್ಷ ಕಾಲೇಜುಗಳ ಕ್ರೀಡಾಸಂಸ್ಥೆಯು, ನಿಗದಿಯಾದ ಅಂಕಗಳನ್ನು ಪಡೆಯದ ಹುಡುಗರಿಗೆ ಕ್ರೀಡೆಯ ವಿದ್ಯಾರ್ಥಿವೇತನವಿಲ್ಲವೆಂಬ ನಿಯಮವನ್ನು ಮುಂದಿಟ್ಟಾಗ ಆ್ಯಶನು ಅದನ್ನು ಸಮರ್ಥಿಸಿದ. ಕಪ್ಪು ಜನಾಂಗದ ಹಲವು ಶಿಕ್ಷಕರು ಅದನ್ನು ತೀವ್ರವಾಗಿ ವಿರೋಧಿಸಿದರು. ಅವರ ಆಕ್ಷೇಪಣೆಯಲ್ಲಿ ಸತ್ವವಿತ್ತು. ಬಡವರ ಶಾಲೆಯಲ್ಲಿ ಪಾಠ ಸರಿಯಾಗಿ ನಡೆಯದ್ದು ಹುಡುಗನ ತಪ್ಪೆ? ಅವನಿಗಿರುವ ಬಾಗಿಲು ಒಂದೇ. ಅದನ್ನೂ ಅಂಕಗಳ ಹೆಸರಿನಲ್ಲಿ ಮುಚ್ಚಿದರೆ ಅವನು ಗ್ರಂಥಾಲಯಕ್ಕೆ ಹೋದಾನೆ, ಬೀದಿಗೆ ಹೋದಾನೆ? ಮಕ್ಕಳಿಂದ ಹೆಚ್ಚನ್ನು ಕೇಳಿದರೆ ಹೆಚ್ಚನ್ನು ಕೊಡುತ್ತಾರೆ, ಕಡಿಮೆ ಕೇಳುವುದೇ ಅವರಿಗೆ ಮಾಡುವ ಅವಮಾನವೆಂಬುದು ಆ್ಯಶನ ನಂಬಿಕೆ. ಅವನ ಮಟ್ಟಿಗೆ ಅದು ಸತ್ಯವಾಗಿತ್ತು. ಆದರೆ ಅವನೊಬ್ಬನನ್ನು ಮೇಲಕ್ಕೆತ್ತಲು ಓದು ಕಲಿಸಿದ ತಾಯಿ, ನಿಮಿಷ ಎಣಿಸಿದ ತಂದೆ, ಊಟವಿಕ್ಕಿ ಕಲಿಸಿದ ವೈದ್ಯ, ಮನೆಯಲ್ಲಿರಿಸಿಕೊಂಡ ಉಪಾಧ್ಯಾಯ ಇಷ್ಟು ಜನ ಬೇಕಾಯಿತು. ಇವರಲ್ಲಿ ಒಬ್ಬರೂ ಇಲ್ಲದ ಹುಡುಗನಿಗೆ ಎರಡು ಗಂಟೆಯ ಗ್ರಂಥಾಲಯವನ್ನು ವಿಧಿಸುವವರು, ಆ ಸ್ಥಾನಗಳಲ್ಲಿ ಒಂದನ್ನಾದರೂ ತಾವು ತುಂಬುವರೆ ಎಂಬುದನ್ನೂ ಹೇಳಬೇಕಾಗುತ್ತದೆ. ಇದು ಆ್ಯಶನಿಗೆ ತಿಳಿಯದ ಸಂಗತಿಯಲ್ಲ. 1969ರಲ್ಲಿಯೇ ಅವನು ಗೆಳೆಯರೊಡಗೂಡಿ ನಗರಗಳ ಬಡ ಮಕ್ಕಳಿಗೆ ಟೆನ್ನಿಸ್ ಕಲಿಸುವ ಒಂದು ಸಂಘವನ್ನು ಸ್ಥಾಪಿಸಿದ್ದ.

ಹೃದಯದ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಕೊಟ್ಟ ರಕ್ತದಿಂದ ಏಡ್ಸ್ ರೋಗವು ತಗುಲಿ, ಅವನು 1993ರ ಫೆಬ್ರುವರಿ 6ರಂದು, 49 ವರ್ಷದವನಾಗಿ, ತೀರಿಕೊಂಡ. ಬರ್ಡ್ ಪಾರ್ಕಿನಿಂದ ಹೊರಡುವ ಹೆದ್ದಾರಿಗೆ ರಿಚ್ಮಂಡ್ ನಗರವು 2019ರಲ್ಲಿ ಅವನ ಹೆಸರನ್ನಿಟ್ಟಿತು. ಅದಕ್ಕೂ ಮುಂಚೆ, 1996ರ ಜುಲೈ 10ರಂದು, ನಗರದ ಸ್ಮಾರಕಬೀದಿಯಲ್ಲಿ ಅವನ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದ್ದರು. ಪ್ರತಿಮೆಯು ಹೇಗಿರಬೇಕೆಂದು ಶಿಲ್ಪಿಯೊಡನೆ ಅವನು ಬದುಕಿರುವಾಗಲೇ ಮಾತಾಗಿತ್ತು. ಸುತ್ತಲೂ ಮಕ್ಕಳಿದ್ದಾರೆ, ಒಂದು ಕೈಯಲ್ಲಿ ರಾಕೆಟ್ಟು, ಇನ್ನೊಂದರಲ್ಲಿ ಪುಸ್ತಕಗಳು, ಪುಸ್ತಕಗಳಿರುವ ಕೈ ಸ್ವಲ್ಪ ಮೇಲೆ.